ಸುಳ್ಯದ ದಂಗೆ ಮತ್ತು ದಿವಾನರ ನಿಷ್ಠೆ

1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಮಡಿಕೇರಿಗೆ ಕರೆತಂದವರು ಕೊಡಗಿನ ಅರಸನದೇ ದಿವಾನ ಅಪ್ಪಾರಂಡ ಬೋಪು. ಅರಸ ಚಿಕ್ಕವೀರರಾಜೇಂದ್ರ ಗಡೀಪಾರಾದ. ದಿವಾನರ ಹುದ್ದೆ ಮಾತ್ರ ಉಳಿಯಿತು. ಕೊಡಗಿಗೆ ಸೇರಿದ್ದ ಪುತ್ತೂರು, ಅಮರ ಸುಳ್ಯದ ಸೀಮೆಗಳು ಕೆನರಾ ಜಿಲ್ಲೆಯ ಪಾಲಾದವು.

ಅರಸರ ಕಾಲದಲ್ಲಿ ಇಲ್ಲಿನ ರೈತ ಕಂದಾಯವನ್ನು ಬೆಳೆಯ ರೂಪದಲ್ಲಿ ಸಲ್ಲಿಸುತ್ತಿದ್ದ. ಕಂಪನಿ ನಗದು ಕೇಳಿತು. ನಗದಿಗಾಗಿ ಆತ ವರ್ತಕನ ಮುಂದೆ ನಿಲ್ಲಬೇಕಾಯಿತು. 1837ರ ದಂಗೆಯ ಒಂದು ಬೇರು ಈ ಸಂಕಟದಲ್ಲಿದೆ. ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ ಹೊರಟವರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡರು. ಪುತ್ತೂರು ದಾಟಿ ಏಪ್ರಿಲ್ 5ರಂದು ಮಂಗಳೂರು ತಲುಪಿದರು.

ಕೊಡಗಿನ ಕಡೆಯಿಂದ ದಂಗೆಯನ್ನು ಹತ್ತಿಕ್ಕಲು ನಿಂತವರು ಅದೇ ಬೋಪು ದಿವಾನರು. ಇನ್ನೊಬ್ಬ ದಿವಾನ ಲಕ್ಷ್ಮೀನಾರಾಯಣ ಸಂಶಯಕ್ಕೊಳಗಾಗಿ ಸೆರೆಮನೆ ಸೇರಿದರು. ಬಂಡಾಯದ ನಾಯಕರಿಗೆ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ನೇಣು. ನಿಷ್ಠರಿಗೆ ಕಂಪನಿಯ ಚಿನ್ನ, ಬೆಳ್ಳಿಯ ಪದಕ.

ಕತ್ತಲಲ್ಲಿ ಕೈಗಿಟ್ಟ ಹಣವನ್ನು ನಾವು ಲಂಚ ಎನ್ನುತ್ತೇವೆ. ಬೋಪು ಅಂಥದ್ದನ್ನು ಪಡೆದರೆಂದು ಹೇಳಲು ಆಧಾರ ಬೇಕು. ಆದರೆ ಸೈನ್ಯದ ಬಲದಿಂದ ಬಂದ ಆಡಳಿತಕ್ಕೆ ಕಳ್ಳ ಲಂಚದ ಅಗತ್ಯವೇ ಇರಲಿಲ್ಲ. ಅದು ಹಾಡುಹಗಲೇ, ಗೌರವದ ಹೆಸರಿನಲ್ಲಿ, ಅಧಿಕಾರಿಗಳ ನಿಷ್ಠೆಗೆ ಬೆಲೆ ಕಟ್ಟುತ್ತಿತ್ತು. ಆ ಬೆಲೆ ತೆತ್ತವನು ಸುಳ್ಯದ ರೈತ.