ಕವಿತೆಗೆ ವೋಚರ್ ಕೇಳಿದವರು

ಇವತ್ತಿನ ಎಪಿಸೋಡ್ ಶುರುವಾಗೋದು ನಮ್ಮನೆ ಅಡುಗೆಮನೆಯಿಂದ.

ನನ್ನ ತಂಗಿ ಬಿ.ಎಡ್. ಎರಡನೇ ವರ್ಷ ಓದ್ತಾ ಇದ್ದಾಳೆ. ಅವಳ ಮೆಥಡ್ ಇಂಗ್ಲಿಷ್, ಅಂದ್ರೆ ಮುಂದೆ ಹೈಸ್ಕೂಲಲ್ಲಿ ಇಂಗ್ಲಿಷ್ ಮಿಸ್ ಆಗೋಳು. ಪ್ರಾಕ್ಟೀಸ್ ಟೀಚಿಂಗಿಗೆ ಅಂತ ಒಂದು ಸರ್ಕಾರಿ ಹೈಸ್ಕೂಲಿಗೆ ಹೋಗ್ತಾಳೆ. ಒಂದು ಸಂಜೆ ಅಮ್ಮ ರೊಟ್ಟಿ ತಟ್ತಾ ಇದ್ರು, ಇವಳು ಅಲ್ಲೇ ನೆಲದ ಮೇಲೆ ಕೂತು ಲೆಸನ್ ಪ್ಲಾನ್ ಬರೀತಾ ಇದ್ದಳು. ಇದ್ದಕ್ಕಿದ್ದಂಗೆ ಪೆನ್ ಕೆಳಗಿಟ್ಟು ಕೇಳಿದಳು: "ಅಣ್ಣ, ಈ ಸಾಲಲ್ಲಿ ಮೆಟಫರ್ ಇದೆ ಅಂತ ಗೈಡಲ್ಲಿ ಬರ್ದಿದ್ದಾರೆ. ಸರಿ, ಇದೆ. ಇದ್ರೆ ಏನಾಯ್ತು?"

ನನ್ನ ಹತ್ರ ಉತ್ತರ ಇರಲಿಲ್ಲ. ನಾನು ಬಿ.ಕಾಂ. ಮಾಡಿದವನು. ಪಿಯುಸಿಯಲ್ಲಿ ಇಂಗ್ಲಿಷಿಗೆ ಒಳ್ಳೇ ಮಾರ್ಕ್ಸ್ ಬಂದಿತ್ತು, ಮನೆಯವರೆಲ್ಲ ಖುಷಿಪಟ್ಟಿದ್ರು. ಆದ್ರೆ ಇವತ್ತು ಒಪ್ಕೋತೀನಿ, ಆ ವರ್ಷದ ಒಂದು ಪದ್ಯವನ್ನೂ ನಾನು ಓದಿರಲಿಲ್ಲ. ಸಮ್ಮರಿ ಓದಿದ್ದೆ. ಸಮ್ಮರಿಯನ್ನ ಉರು ಹೊಡೆದಿದ್ದೆ. ಕವಿ ಬರೆದ ಸಾಲುಗಳು ಟೆಕ್ಸ್ಟ್ ಬುಕ್ಕಿನಲ್ಲಿ ಹಾಗೇ ಉಳಿದುಬಿಟ್ಟವು.

ತಂಗಿಯ ಆ ಪ್ರಶ್ನೆಗೆ ಒಂದು ಇತಿಹಾಸ ಇದೆ. ಇಂಗ್ಲಿಷಿನಲ್ಲಿ ಅದನ್ನ ಸ್ಟೈಲಿಸ್ಟಿಕ್ಸ್ ಅಂತಾರೆ, ಕನ್ನಡದಲ್ಲಿ ಶೈಲಿಶಾಸ್ತ್ರ. ಒಂದು ಬರಹ ನಮ್ಮ ಮೇಲೆ ಏನೋ ಪರಿಣಾಮ ಮಾಡ್ತು ಅಂದ್ರೆ, ಅದು ಯಾವ ಪದದಿಂದ, ಯಾವ ವ್ಯಾಕರಣದಿಂದ, ಯಾವ ಸದ್ದಿನಿಂದ ಆಯ್ತು ಅಂತ ಬೆರಳಿಟ್ಟು ತೋರಿಸೋ ಶಾಸ್ತ್ರ. ಕಾಮರ್ಸ್ ಭಾಷೆಯಲ್ಲಿ ಹೇಳ್ತೀನಿ. ಆಡಿಟಿಂಗ್ ಪೇಪರಿನಲ್ಲಿ ವೌಚಿಂಗ್ ಅಂತ ಒಂದು ಪಾಠ ಬರುತ್ತೆ. ಲೆಕ್ಕದ ಪುಸ್ತಕದಲ್ಲಿ ಖರ್ಚು ಅಂತ ಬರೆದರೆ ಸಾಲದು, ಅದಕ್ಕೊಂದು ವೋಚರ್ ತೋರಿಸಬೇಕು. "ಈ ಕವಿತೆಯಲ್ಲಿ ದುಃಖ ಇದೆ" ಅನ್ನೋದು ಲೆಕ್ಕದ ಪುಸ್ತಕದ ಎಂಟ್ರಿ. ವೋಚರ್ ಎಲ್ಲಿ? ಅದನ್ನ ಕೇಳಿದವರ ಕಥೆ ಇವತ್ತು.

ಉರು ಹೊಡೆಯೋದು ಯಾವಾಗಿಂದ?

ಮೊದಲು ನಮ್ಮ ದೇಶ. ಮೆಕಾಲೆ ಹೆಸರು ಎಲ್ಲರಿಗೂ ಗೊತ್ತು, ಅವನ ಟಿಪ್ಪಣಿ 1835ರದ್ದು. ಆದ್ರೆ ಗೌರಿ ವಿಶ್ವನಾಥನ್ ಅನ್ನೋ ವಿದ್ವಾಂಸೆ 1989ರಲ್ಲಿ 'ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್' ಅಂತ ಒಂದು ಪುಸ್ತಕ ಬರೆದು, ನಾವು ಅಷ್ಟಾಗಿ ಯೋಚಿಸದ ಒಂದು ಸಂಗತಿಯನ್ನ ಮುಂದಿಟ್ಟರು. ಇಂಗ್ಲಿಷ್ ಸಾಹಿತ್ಯ ಅನ್ನೋದು ಪಠ್ಯದ ವಿಷಯವಾಗಿ ಬೇರೂರಿದ್ದು ಇಂಗ್ಲೆಂಡಿಗಿಂತ ಮೊದಲು ಭಾರತದಲ್ಲಿ. ಕೇಂಬ್ರಿಡ್ಜ್‌ನಲ್ಲಿ ಇಂಗ್ಲಿಷಿಗೆ ಅಂತಲೇ ಪ್ರತ್ಯೇಕ ಡಿಗ್ರಿ ಪರೀಕ್ಷೆ ಬಂದಿದ್ದು 1917ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ತಾತ ಮುತ್ತಾತಂದಿರ ಕಾಲದ ಹುಡುಗರು ಇಲ್ಲಿ ಇಂಗ್ಲಿಷ್ ಕಾವ್ಯಕ್ಕೆ ಪರೀಕ್ಷೆ ಬರೆದು ದಶಕಗಳೇ ಆಗಿದ್ದವು.

ಬರೆದಿದ್ದು ಹೇಗೆ? 1902ರ ಭಾರತೀಯ ವಿಶ್ವವಿದ್ಯಾಲಯಗಳ ಆಯೋಗ ನೇರವಾಗಿಯೇ ದೂರಿತ್ತು: ಇಲ್ಲಿ ಪಾಠಕ್ಕಾಗಿ ಪರೀಕ್ಷೆ ಇಲ್ಲ, ಪರೀಕ್ಷೆಗಾಗಿ ಪಾಠ ಇದೆ, ದೊಡ್ಡ ರೋಗವೇ ಇದು ಅಂತ. 1902! ನಾನು ಸಮ್ಮರಿ ಉರು ಹೊಡೆದದ್ದು ಅದಾಗಿ ನೂರು ವರ್ಷ ದಾಟಿದ ಮೇಲೆ.

ಹೆಸರಿಲ್ಲದ 13 ಪದ್ಯಗಳು

ಈಗ ಕೇಂಬ್ರಿಡ್ಜ್‌ಗೆ ಹೋಗೋಣ. 1920ರ ದಶಕ. ಐ. ಎ. ರಿಚರ್ಡ್ಸ್ ಅಂತ ಒಬ್ಬ ಮೇಷ್ಟ್ರು. ಓದಿದ್ದು ತತ್ತ್ವಶಾಸ್ತ್ರ, ಹವ್ಯಾಸ ಪರ್ವತಾರೋಹಣ. ಆತ ಒಂದು ಚೇಷ್ಟೆ ಮಾಡ್ತಾನೆ. ವಿದ್ಯಾರ್ಥಿಗಳ ಕೈಗೆ ಪದ್ಯಗಳನ್ನ ಕೊಡ್ತಾನೆ, ಆದ್ರೆ ಕವಿಯ ಹೆಸರು ಇರಲ್ಲ, ಕಾಲ ಇರಲ್ಲ. ಓದಿ, ಅನಿಸಿದ್ದನ್ನ ಬರೆದು ಕೊಡಿ ಅಂತಾನೆ.

ಬರೆದವರು ಯಾರು? ಬಹುತೇಕ ಇಂಗ್ಲಿಷ್ ಸಾಹಿತ್ಯವನ್ನೇ ಓದ್ತಾ ಇದ್ದ, ಇಂಗ್ಲಿಷ್ ಮನೆಮಾತಾಗಿದ್ದ ಹುಡುಗ ಹುಡುಗಿಯರು. ಬಂದ ಉತ್ತರ ನೋಡಿ ರಿಚರ್ಡ್ಸ್ ದಂಗಾದ. ದೊಡ್ಡ ಕವಿಗಳ ಪದ್ಯಗಳನ್ನ ಎಷ್ಟೋ ಜನ ಕಸ ಅಂತ ಎಸೆದಿದ್ರು, ಸಾಧಾರಣ ಪದ್ಯಗಳನ್ನ ತಲೆ ಮೇಲೆ ಹೊತ್ತಿದ್ರು. ಕೆಲವರಿಗಂತೂ ಪದ್ಯದ ನೇರ ಅರ್ಥವೇ ದಕ್ಕಿರಲಿಲ್ಲ. 13 ಪದ್ಯಗಳು, ಅವಕ್ಕೆ ಬಂದ ಉತ್ತರಗಳು, ಎಡವಿದ್ದು ಎಲ್ಲೆಲ್ಲಿ ಅನ್ನೋ ಪಟ್ಟಿ, ಇಷ್ಟನ್ನೂ ಸೇರಿಸಿ 1929ರಲ್ಲಿ 'ಪ್ರಾಕ್ಟಿಕಲ್ ಕ್ರಿಟಿಸಿಸಂ' ಅಂತ ಪುಸ್ತಕ ಮಾಡಿದ.

ಇದನ್ನ ಓದಿದ ಮೇಲೆ ನಾನೂ ಸುಮ್ಮನಿರಲಿಲ್ಲ. ನಮ್ಮ ಬಿ.ಕಾಂ. ಗೆಳೆಯರ ವಾಟ್ಸಾಪ್ ಗ್ರೂಪಿಗೆ ಎರಡು ಪದ್ಯ ಹಾಕಿದೆ. ಒಂದು ಹೆಸರಾಂತ ಕನ್ನಡ ಕವಿಯದ್ದು. ಇನ್ನೊಂದು ನಾನೇ ಬಸ್ಸಲ್ಲಿ ಕೂತು ಗೀಚಿದ್ದು. ಹೆಸರು ಹಾಕಲಿಲ್ಲ. ನನ್ನದಕ್ಕೆ ಒಬ್ಬ "ಹಳೇ ಕಾಲದ ದೊಡ್ಡ ಕವಿಗಳ ತೂಕವೇ ಬೇರೆ ಗುರು" ಅಂತ ಬರೆದ. ಆಮೇಲೆ ನಿಜ ಹೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟ.

ರಿಚರ್ಡ್ಸ್ ಅವರ ಆ ತರಗತಿಗಳಿಂದ ಒಂದು ದಾರಿ ನೇರವಾಗಿ ಮೈಸೂರಿಗೆ ಬರುತ್ತೆ. ಅಲ್ಲಿ ಕೂತು ಕೇಳಿದವರಲ್ಲಿ ಎಫ್. ಆರ್. ಲೀವಿಸ್ ಒಬ್ಬರು. ಲೀವಿಸ್ ಹತ್ತಿರ ಮುಂದೆ ಓದಿದವರು ನಮ್ಮ ಸಿ. ಡಿ. ನರಸಿಂಹಯ್ಯ. ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದ ಅವರು 1979ರಲ್ಲಿ ಮೈಸೂರಿನಲ್ಲಿ ಒಂದು ಸಾಹಿತ್ಯ ಕೇಂದ್ರ ಕಟ್ಟಿ, ಅದಕ್ಕೆ 'ಧ್ವನ್ಯಾಲೋಕ' ಅಂತ ಹೆಸರಿಟ್ಟರು. ಅದು 9ನೇ ಶತಮಾನದ ಕಾಶ್ಮೀರದ ಆನಂದವರ್ಧನನ ಗ್ರಂಥದ ಹೆಸರು. ಕೇಂಬ್ರಿಡ್ಜ್‌ನಿಂದ ಬಂದವರು ಬಾಗಿಲಿಗೆ ಹಾಕಿದ ಬೋರ್ಡು ಕಾಶ್ಮೀರದ್ದು. ಸುಮ್ಮನೆ ಇಟ್ಟ ಹೆಸರಲ್ಲ ಅದು.

ಯಾಕಂದ್ರೆ ವೋಚರ್ ಕೇಳೋ ಅಭ್ಯಾಸ ನಮಗೆ ಹೊಸದಲ್ಲ. ಕನ್ನಡದಲ್ಲಿ ಸಿಕ್ಕಿರೋ ಅತ್ಯಂತ ಹಳೆಯ ಪುಸ್ತಕ 'ಕವಿರಾಜಮಾರ್ಗ', ಅದೂ 9ನೇ ಶತಮಾನದ್ದೇ. ಅದು ಕಥೆ ಹೇಳೋ ಕಾವ್ಯ ಅಲ್ಲ, ಕಾವ್ಯದ ಭಾಷೆ ಹೇಗಿರಬೇಕು ಅಂತ ತಿಳಿಸೋ ಕೈಪಿಡಿ. ಸಮಾಸದಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಸುಮ್ಮನೆ ಬೆರೆಸಿದರೆ ಕುದಿಯೋ ಹಾಲಿಗೆ ಮಜ್ಜಿಗೆ ಹನಿ ಹಾಕಿದ ಹಾಗೆ ಆಗುತ್ತೆ ಅಂತ ಅದು ಎಚ್ಚರಿಸುತ್ತೆ. ಪದ ಯಾಕೆ ಒಡೆಯುತ್ತೆ ಅನ್ನೋದನ್ನ ಹಾಲು ಒಡೆಯೋದ್ರ ಜೊತೆ ಇಟ್ಟು ತೋರಿಸೋದು! ಅಡುಗೆಮನೆಯಲ್ಲಿ ಇದನ್ನ ಹೇಳಿದಾಗ ಅಮ್ಮ ತಲೆ ಎತ್ತಿ ನೋಡಿದರು.

ತಂಗಿಯನ್ನ ಕೊಡೋದಿಲ್ಲ!

1958. ಅಮೆರಿಕದ ಇಂಡಿಯಾನ ವಿಶ್ವವಿದ್ಯಾಲಯದಲ್ಲಿ ಶೈಲಿಯ ಬಗ್ಗೆ ಒಂದು ಸಮ್ಮೇಳನ. ರೋಮನ್ ಯಾಕೋಬ್ಸನ್ ಅನ್ನೋ ರಷ್ಯಾ ಮೂಲದ ಭಾಷಾವಿಜ್ಞಾನಿ ಕೊನೆಯಲ್ಲಿ ಮಾತಾಡ್ತಾರೆ. ಕಾವ್ಯಕ್ಕೆ ಕಿವುಡಾದ ಭಾಷಾವಿಜ್ಞಾನಿ, ಭಾಷಾವಿಜ್ಞಾನಕ್ಕೆ ಬೆನ್ನು ತಿರುಗಿಸಿದ ಸಾಹಿತ್ಯ ಪಂಡಿತ, ಇಬ್ಬರೂ ಕಾಲಕ್ಕೆ ಸಲ್ಲದವರು ಅನ್ನೋದು ಅವರ ವಾದ. ಉದಾಹರಣೆಗೆ ಅವರು ಎತ್ತಿಕೊಂಡಿದ್ದರಲ್ಲಿ ಒಂದು ಚುನಾವಣೆ ಘೋಷಣೆಯೂ ಇತ್ತು: ಐಸೆನ್‌ಹೋವರ್ ಪರವಾದ 'ಐ ಲೈಕ್ ಐಕ್'. ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಮೂರು ಪದ, ಮೂರರಲ್ಲೂ 'ಐ' ಸದ್ದು. ಲೈಕ್ ಅನ್ನೋದರೊಳಗೆ ಐಕ್ ಪೂರ್ತಿ ಕೂತಿದ್ದಾನೆ. ಇಷ್ಟದೊಳಗೆ ನಾಯಕ! ವೋಟು ಕೇಳೋದಕ್ಕೂ ಕಾವ್ಯದ ಉಪಾಯವೇ ಬೇಕು ಅಂತ ಅವರು ತೋರಿಸಿಕೊಟ್ಟರು.

ಎಲ್ಲರಿಗೂ ಇದು ಹಿಡಿಸಲಿಲ್ಲ. 1967ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ರೋಜರ್ ಫೌಲರ್ ಅನ್ನೋ ಯುವ ಭಾಷಾವಿಜ್ಞಾನಿಗೂ ಆಕ್ಸ್‌ಫರ್ಡಿನ ಎಫ್. ಡಬ್ಲ್ಯೂ. ಬೇಟ್‌ಸನ್ ಅನ್ನೋ ಹಿರಿಯ ವಿಮರ್ಶಕರಿಗೂ ದೊಡ್ಡ ಜಗಳ. ಬೇಟ್‌ಸನ್ ಅವರದ್ದು, ವ್ಯಾಕರಣದಿಂದ ಸಾಹಿತ್ಯ ಸಿಕ್ಕೋದಿಲ್ಲ ಅನ್ನೋ ಹಠ. ವಾದ ಎಲ್ಲಿಗೆ ಹೋಯ್ತು ಅಂದ್ರೆ, ನಿಮ್ಮ ತಂಗಿಯನ್ನ ಭಾಷಾವಿಜ್ಞಾನಿಗೆ ಮದುವೆ ಮಾಡಿ ಕೊಡ್ತೀರಾ ಅನ್ನೋವರೆಗೆ! ಅಂಥವರು ಮನೆಯಲ್ಲಿ ಇರದಿದ್ದರೇ ವಾಸಿ ಅನ್ನೋ ಅರ್ಥದ ಮಾತು ಬೇಟ್‌ಸನ್ ಬರೆದೇಬಿಟ್ಟರು. ಇದನ್ನ ಹೇಳಿದ್ದಕ್ಕೆ ನನ್ನ ತಂಗಿ, "ನನ್ನನ್ನ ಕೇಳಿದ್ರಾ?" ಅಂದಳು. ನ್ಯಾಯವಾದ ಪ್ರಶ್ನೆ.

ಸುಳ್ಳು ವೋಚರ್

ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಘಟನೆ 1971ರದ್ದು. ಅಮೆರಿಕದ ಬಫಲೋ ಊರಿನಲ್ಲಿ ಸ್ಟ್ಯಾನ್ಲಿ ಫಿಶ್ ಅನ್ನೋ ಪ್ರೊಫೆಸರ್ ಒಂದೇ ಕೋಣೆಯಲ್ಲಿ ಹಿಂದೆ ಮುಂದೆ ಎರಡು ಕ್ಲಾಸ್ ತಗೋತಾ ಇದ್ರು. ಮೊದಲ ಕ್ಲಾಸ್ ಭಾಷಾವಿಜ್ಞಾನ ಮತ್ತು ಸಾಹಿತ್ಯದ ಸಂಬಂಧ. ಎರಡನೇದು 17ನೇ ಶತಮಾನದ ಭಕ್ತಿ ಕವಿತೆ. ಮೊದಲ ಕ್ಲಾಸಿಗೆ ಓದಬೇಕಾದ ಲೇಖಕರ ಹೆಸರುಗಳನ್ನ ಒಂದರ ಕೆಳಗೊಂದು ಬೋರ್ಡ್ ಮೇಲೆ ಬರೆದಿದ್ರು: ಜೇಕಬ್ಸ್, ರೋಸೆನ್‌ಬಾಮ್, ಲೆವಿನ್, ಥಾರ್ನ್, ಹೀಗೆ. ಎರಡನೇ ಬ್ಯಾಚ್ ಬರೋ ಮುಂಚೆ ಅದರ ಸುತ್ತ ಒಂದು ಚೌಕ ಎಳೆದು, ಮೇಲೆ ಪುಟ 43 ಅಂತ ಬರೆದ್ರು. ಬಂದವರಿಗೆ, ಇದೊಂದು ಭಕ್ತಿ ಕವಿತೆ, ಬಿಡಿಸಿ ಅಂದ್ರು.

ಬಿಡಿಸಿದರು! ಜೇಕಬ್ಸ್ ಅಂದ್ರೆ ಬೈಬಲ್ಲಿನ ಯಾಕೋಬನ ಏಣಿ. ರೋಸೆನ್‌ಬಾಮ್ ಅಂದ್ರೆ ಗುಲಾಬಿ ಗಿಡ. ಥಾರ್ನ್ ಅಂದ್ರೆ ಏಸುವಿನ ಮುಳ್ಳಿನ ಕಿರೀಟ. ಹೋಮ್‌ವರ್ಕ್ ಪಟ್ಟಿಯಿಂದ ದೇವರು ಪ್ರತ್ಯಕ್ಷ.

ನನ್ನೊಳಗಿನ ಕಾಮರ್ಸ್ ವಿದ್ಯಾರ್ಥಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ವೋಚರ್ ಇದೆ ಅಂದ ಮಾತ್ರಕ್ಕೆ ವ್ಯವಹಾರ ನಡೆದಿದೆ ಅಂತಲ್ಲ. ಅದನ್ನ ಹುಟ್ಟಿಸಲೂಬಹುದು. ಕವಿತೆ ಅಂತ ನಂಬಿ ಓದಿದರೆ ಎಲ್ಲದರಲ್ಲೂ ಕವಿತೆ ಕಾಣುತ್ತೆ ಅಂತ ಫಿಶ್ ವಾದಿಸಿದರು. ಅಂದ್ರೆ ಶೈಲಿಶಾಸ್ತ್ರ ಉತ್ತರ ತಯಾರಿಸೋ ಮಿಷನ್ ಅಲ್ಲ. ಮೆಟಫರ್ ಎಣಿಸಿದ ತಕ್ಷಣ ಅರ್ಥ ಉದುರಲ್ಲ. ಓದೋರು ಮನಸ್ಸು ಹಾಕಲೇಬೇಕು.

ಮೇಷ್ಟ್ರುಗಳ ಕೈಗೆ

ಇದನ್ನೆಲ್ಲ ಶಾಲೆಯ ಕಡೆ ತಿರುಗಿಸಿದವರಲ್ಲಿ ಮುಖ್ಯರು ಎಚ್. ಜಿ. ವಿಡೋಸನ್. 1975ರಲ್ಲಿ ಬಂದ ಅವರ ಪುಸ್ತಕದ ಹೆಸರೇ 'ಸ್ಟೈಲಿಸ್ಟಿಕ್ಸ್ ಆ್ಯಂಡ್ ದ ಟೀಚಿಂಗ್ ಆಫ್ ಲಿಟರೇಚರ್'. ಭಾಷೆಯ ಪಾಠ ಒಂದು ಕಡೆ, ಸಾಹಿತ್ಯದ ಪಾಠ ಇನ್ನೊಂದು ಕಡೆ ಅಂತ ಇರೋದಕ್ಕೆ ಸೇತುವೆ ಇದು ಅಂದರು ಅವರು. ಗ್ರಾಮರ್ ಕಲಿಯೋ ಮಗುವೂ ಕವಿತೆಯಿಂದ ಕಲಿಯಬಹುದು, ಕವಿತೆ ಓದೋ ಮಗುವಿಗೂ ಗ್ರಾಮರ್ ಕೆಲಸಕ್ಕೆ ಬರುತ್ತೆ.

ನಮ್ಮಲ್ಲೂ ಇಂಗ್ಲಿಷ್ ಮೇಷ್ಟ್ರುಗಳ ತರಬೇತಿಗೆ ಸಂಸ್ಥೆಗಳು ಬಂದಿದ್ದವು. ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಶುರುವಾಗಿದ್ದು 1958, ಯಾಕೋಬ್ಸನ್ ಆ ಮಾತಾಡಿದ ಅದೇ ವರ್ಷ. ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ 1963ರಲ್ಲಿ. ಅದರ ಜೊತೆಗೂಡಿ 1979ರಿಂದ 1984ರವರೆಗೆ ಎನ್. ಎಸ್. ಪ್ರಭು ದಕ್ಷಿಣದ ಕೆಲವು ಶಾಲೆಗಳಲ್ಲಿ ಮಾಡಿದ ಪ್ರಯೋಗ 'ಬೆಂಗಳೂರು ಪ್ರಾಜೆಕ್ಟ್' ಅಂತಲೇ ಜಗತ್ತಿನ ಇಂಗ್ಲಿಷ್ ಮೇಷ್ಟ್ರುಗಳ ನಡುವೆ ಹೆಸರಾಯ್ತು. ಅದು ಕವಿತೆಯ ಬಗ್ಗೆ ಅಲ್ಲ. ಆದ್ರೆ ಅದರ ತಿರುಳು ಇಲ್ಲಿಗೂ ಸಲ್ಲುತ್ತೆ: ಮಗುವಿನ ತಲೆ ಅರ್ಥದ ಹಿಂದೆ ಓಡ್ತಾ ಇರುವಾಗ ಭಾಷೆ ತಾನಾಗಿ ಬರುತ್ತೆ.

ಇದರಿಂದ ನಿಮಗೇನು ಅಂತೀರಾ? ಬ್ಯಾಂಕಿಂದ ಬರೋ ಮೆಸೇಜ್ ನೋಡಿ. "ನಿಮ್ಮ ಖಾತೆಯಿಂದ ಹಣ ಕಡಿತವಾಗಿದೆ." ಕಡಿತ ಮಾಡಿದ್ದು ಯಾರು? ವಾಕ್ಯದಲ್ಲಿ ಯಾರೂ ಇಲ್ಲ, ಮಳೆ ಬಂದ ಹಾಗೆ ಕಡಿತ ಆಗಿಬಿಟ್ಟಿದೆ. ಅದೇ ಹಣ ಜಮಾ ಮಾಡುವಾಗ "ನಾವು" ಅನ್ನೋ ಪದ ನಗ್ತಾ ಮುಂದೆ ಬರುತ್ತೆ. ಕರ್ತೃವನ್ನ ಎಲ್ಲಿ ಬಚ್ಚಿಟ್ಟಿದ್ದಾರೆ ಅಂತ ಹುಡುಕೋ ಕಣ್ಣು ಕವಿತೆಯಲ್ಲಿ ಪಳಗಿದರೆ, ಮೆಸೇಜಿನಲ್ಲೂ ಭಾಷಣದಲ್ಲೂ ಕೆಲಸ ಮಾಡುತ್ತೆ.

ಭಾರ ಇತ್ತಾ?

ಮತ್ತೆ ತಂಗಿ ಕಡೆ. ಅವಳು ಆ ದಿನ ಗೈಡ್ ಮುಚ್ಚಿಟ್ಟಳು. ಶೈಲಿಶಾಸ್ತ್ರದ ಮೇಷ್ಟ್ರುಗಳು ಬಳಸೋ ಒಂದು ಸುಲಭದ ದಾರಿ ಇದೆ, ಸಾಲಿನಿಂದ ಒಂದು ಪದ ತೆಗೆದು ಜಾಗ ಖಾಲಿ ಬಿಡೋದು. ಪದ್ಯ ಶುರು ಮಾಡೋ ಮುಂಚೆ ಅವಳೇ ಮಾಡಿದ ಒಂದು ವಾಕ್ಯವನ್ನ ಎಂಟನೇ ಕ್ಲಾಸಿನ ಬೋರ್ಡ್ ಮೇಲೆ ಬರೆದಳು. ದಿ ಓಲ್ಡ್ ಮ್ಯಾನ್ ಕ್ಯಾರೀಡ್ ಹಿಸ್ ಡ್ಯಾಶ್ ಹೋಮ್. ಮುದುಕ ತನ್ನ ಏನನ್ನೋ ಹೊತ್ತುಕೊಂಡು ಮನೆಗೆ ಹೋದ.

ಮಕ್ಕಳು ಕೂಗಿದರು. ಬ್ಯಾಗ್ ಮಿಸ್. ಅಂಬ್ರೆಲಾ ಮಿಸ್. ರಾಗಿ ಮೂಟೆ ಮಿಸ್. ಅವಳು ಎಲ್ಲವನ್ನೂ ಬರೆದುಕೊಂಡು, ಕೊನೆಗೆ ತನ್ನ ಪದ ತುಂಬಿದಳು: ಸೈಲೆನ್ಸ್. ಮೌನ.

ಗಲಾಟೆ ನಿಂತಿತು. ಒಬ್ಬ ಹುಡುಗ ತಪ್ಪು ಅಂದ, ಅದನ್ನ ಹೊರೋಕಾಗಲ್ಲ ಅಂತ. ಆಮೇಲೆ ಹಿಂದಿನ ಬೆಂಚಿನ ಒಂದು ಹುಡುಗಿ ಕೇಳಿದಳಂತೆ: "ಮಿಸ್, ಹಂಗಾದ್ರೆ ಅದು ಭಾರ ಇತ್ತಾ?"

ನೋಡಿ, ಮೆಟಫರ್ ಇದ್ರೆ ಏನಾಯ್ತು ಅನ್ನೋದಕ್ಕೆ ಉತ್ತರ ಅದು. ಹೊರುವುದು ಅನ್ನೋ ಕ್ರಿಯಾಪದ ಭಾರ ಇರೋದನ್ನೇ ಕೇಳುತ್ತೆ. ಅಲ್ಲಿ ಮೌನ ತಂದಿಟ್ಟರೆ ಮೌನಕ್ಕೆ ಭಾರ ಬರುತ್ತೆ. ಆ ಹುಡುಗಿಗೆ ಮೆಟಫರ್ ಅನ್ನೋ ಪದ ಗೊತ್ತಿರಲಿಲ್ಲ. ವೋಚರ್ ಮಾತ್ರ ಸರಿಯಾಗಿ ಹಿಡಿದಿದ್ದಳು.

ಹಿಂದೆ ಕೂತು ಪಾಠ ನೋಡ್ತಿದ್ದ ಮೇಲ್ವಿಚಾರಕರು ಡೈರಿಯಲ್ಲಿ ಬರೆದಿದ್ದು ಇಷ್ಟು: ಪಾಠ ಆಸಕ್ತಿಕರ, ಆದರೆ ಸಾರಾಂಶ ಬರೆಸಲಿಲ್ಲ, ಪದ್ಯ ಮುಗಿಯಲಿಲ್ಲ. ಮಾರ್ಕ್ಸ್ ಕಡಿಮೆಯಾಯ್ತು. ಅವರ ಮಾತಲ್ಲೂ ಸುಳ್ಳಿಲ್ಲ, 45 ನಿಮಿಷದ ಪೀರಿಯಡ್, ಮಾರ್ಚಿನಲ್ಲಿ ಪರೀಕ್ಷೆ.

ಮುಂದಿನ ತಿಂಗಳು ಅವಳ ಫೈನಲ್ ಲೆಸನ್. "ಅಣ್ಣ, ಯಾವ ಥರ ಮಾಡ್ಲಿ? ಹಿಂಗಾ, ಅಥ್ವಾ ಗೈಡ್ ಥರಾನಾ?" ಅಂತ ಕೇಳಿದಳು. ಗೈಡ್ ಥರ ಮಾಡಿ ಪಾಸಾದವನು ನಾನು. ಹಾಗೆ ಮಾಡು ಅಂದ್ರೆ ಮಾರ್ಕ್ಸ್ ಬರುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದ್ರೆ ಬಾಯಿ ಬರಲಿಲ್ಲ. ಆ ಹಿಂದಿನ ಬೆಂಚಿನ ಹುಡುಗಿ ಮತ್ತೆ ಏನೋ ಕೇಳೋಕೆ ಕಾಯ್ತಾ ಕೂತಿರ್ತಾಳೆ ಅನಿಸ್ತು.

ನಿಮ್ಮ ಶಾಲೆಯ ಒಂದು ಪದ್ಯ, ಕನ್ನಡದ್ದೋ ಇಂಗ್ಲಿಷಿನದ್ದೋ, ಇವತ್ತು ತೆಗೆದು ಓದಿ. ಒಂದು ಪದ ಬೆರಳಲ್ಲಿ ಮುಚ್ಚಿ, ಬೇರೆ ಪದ ಹಾಕಿ ನೋಡಿ. ಏನು ಬದಲಾಯ್ತು ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡಲ್ಲಿ ತಂಗಿಯನ್ನೂ ಮೈಕ್ ಮುಂದೆ ಕೂರಿಸ್ತೀನಿ, ಅವಳ ನಿರ್ಧಾರ ಅವಳೇ ಹೇಳಲಿ. ಅಲ್ಲಿವರೆಗೆ, ನಮಸ್ಕಾರ.