ಕೊಳ್ಳುವವರಿಲ್ಲದ ಸಂಗೀತವನ್ನು ಕಾಯ್ದ ತಟ್ಟೆಗಳು

1950ರ ಮೇ 22ರ ಸಂಜೆ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಾರ್ವೆಯ ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಲು ನಿಂತಿದ್ದರು. ಫಿಲ್‌ಹಾರ್ಮೋನಿಯ ವಾದ್ಯವೃಂದವನ್ನು ನಡೆಸುತ್ತಿದ್ದವರು ಜರ್ಮನಿಯ ಪ್ರಸಿದ್ಧ ನಿರ್ದೇಶಕ ವಿಲ್ಹೆಲ್ಮ್ ಫರ್ಟ್‌ವೆಂಗ್ಲರ್. ಅಂದು ಮೊಟ್ಟಮೊದಲ ಬಾರಿಗೆ ಕೇಳಿಬಂದದ್ದು, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ರಿಚರ್ಡ್ ಸ್ಟ್ರಾಸ್ ಅವರ 'ಕೊನೆಯ ನಾಲ್ಕು ಹಾಡುಗಳು'. ಇಂದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಅತಿ ಜನಪ್ರಿಯ ಕೃತಿಗಳ ಸಾಲಿಗೆ ಸೇರಿರುವ ಆ ಹಾಡುಗಳ ಪ್ರಥಮ ಕಛೇರಿ ಅಸಿಟೇಟ್ ತಟ್ಟೆಗಳ ಮೇಲೆ ಮುದ್ರಣಗೊಂಡಿತು. ಆ ತಟ್ಟೆಗಳು ಹೋಗಬೇಕಾಗಿದ್ದುದು ಯಾವ ಅಂಗಡಿಗೂ ಅಲ್ಲ, ಮೈಸೂರಿಗೆ.

ಈ ಕಛೇರಿಗೆ 4,800 ಡಾಲರುಗಳ ಖಾತರಿ ಹಣ ಒದಗಿಸಿದ್ದವರು ಜಯಚಾಮರಾಜ ಒಡೆಯರ್. ಆಗ ಅವರು ಮಹಾರಾಜರಾಗಿದ್ದು ಮುಗಿದು, ಹೊಸ ಸಂವಿಧಾನದ ಅಡಿಯಲ್ಲಿ ಮೈಸೂರು ರಾಜ್ಯದ ರಾಜಪ್ರಮುಖರಾಗಿದ್ದರು. ಲಂಡನ್ನಿಗೆ ಹೋಗಿ ಕೇಳುವುದು ಅವರಿಗೆ ಸಾಧ್ಯವಾಗಲಿಲ್ಲ. ಸುಮಾರು 20,000 ತಟ್ಟೆಗಳಿದ್ದ ತಮ್ಮ ಸಂಗ್ರಹಕ್ಕೆ ಈ ಹೊಸ ಹಾಡುಗಳೂ ಸೇರಲಿ ಎಂಬುದು ಅವರ ಆಸೆ.

ಸ್ಟ್ರಾಸ್ ಅವರಂಥ ಜಗತ್ಪ್ರಸಿದ್ಧರ ಕೃತಿಗೇ ಒಬ್ಬ ಅರಸರ ಕೈಹಣ ಬೇಕಾಯಿತೆಂದರೆ, ಹೆಸರು ಮಾಡದ ಹೊಸ ರಚನಕಾರರ ಪಾಡೇನು? ಇಪ್ಪತ್ತನೆಯ ಶತಮಾನದ ಹೊಸ ಸಂಗೀತ, ಅದರಲ್ಲೂ ಹಳೆಯ ಕಟ್ಟುಪಾಡುಗಳನ್ನು ಮುರಿದ ಪ್ರಯೋಗಶೀಲ ಸಂಗೀತ, ಇಂದು ನಮ್ಮ ಕಿವಿಗೆ ಬೀಳುತ್ತಿದೆಯೆಂದರೆ ಅದಕ್ಕೆ ಮಾರುಕಟ್ಟೆ ಕಾರಣವಲ್ಲ. ಲಾಭದ ಲೆಕ್ಕ ಬಿಟ್ಟು ಹಣ ಹಾಕಿದ ಕೆಲವೇ ಮಂದಿ ಮತ್ತು ಸಂಸ್ಥೆಗಳು ಕಾರಣ.

ಇದು ಅರ್ಥವಾಗಬೇಕಾದರೆ ಪಾಶ್ಚಾತ್ಯ ಸಂಗೀತದ ಒಂದು ತೊಡಕನ್ನು ಗಮನಿಸಬೇಕು. ನಮ್ಮಲ್ಲಿ ಒಂದು ಹೊಸ ಕೃತಿ ಗುರುವಿನಿಂದ ಶಿಷ್ಯನಿಗೆ, ಕಛೇರಿಯಿಂದ ಕಛೇರಿಗೆ ಬಾಯಿಂದ ಬಾಯಿಗೆ ಹರಿದು ಉಳಿಯಬಲ್ಲದು. ಅಲ್ಲಿ ಹಾಗಲ್ಲ. ಐವತ್ತೋ ಎಂಬತ್ತೋ ವಾದಕರಿಗಾಗಿ ಬರೆದ ಕೃತಿಯನ್ನು ನುಡಿಸಲು ಅಷ್ಟೂ ಜನ ಸೇರಬೇಕು, ತಾಲೀಮು ನಡೆಸಬೇಕು, ಸಭಾಂಗಣ ಹಿಡಿಯಬೇಕು. ಹೊಸ ಕೃತಿಗೆ ಮೊದಲ ಕಛೇರಿ ಹೇಗೋ ದೊರಕುತ್ತದೆ. ಎರಡನೆಯದು ದೊರಕುವುದೇ ಕಷ್ಟ. ಆಮೇಲೆ ಅದು ಕಾಗದದ ಮೇಲಿನ ಸ್ವರಲಿಪಿಯಾಗಿ ಕಪಾಟು ಸೇರುತ್ತದೆ. ಇಂಥ ಕೃತಿಗೆ ಧ್ವನಿಮುದ್ರಿಕೆಯೇ ಎರಡನೆಯ ಕಛೇರಿ, ಮೂರನೆಯದು, ನೂರನೆಯದು.

ಆದರೆ ತಟ್ಟೆ ತಯಾರಿಸುವುದೂ ಅಗ್ಗದ ಕೆಲಸವಾಗಿರಲಿಲ್ಲ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ನಾಲ್ಕೂವರೆ ನಿಮಿಷದೊಳಗಿನ ಸಂಗೀತ. ಅರ್ಧ ಗಂಟೆಯ ಕೃತಿಗೆ ನಾಲ್ಕು ತಟ್ಟೆಗಳಾದರೂ ಬೇಕು. ಯಾರೂ ಕೇಳಿರದ ಸಂಗೀತಕ್ಕೆ ಇಷ್ಟು ದುಡ್ಡು ಕೊಡುವವರು ಯಾರು? ದೊಡ್ಡ ಕಂಪನಿಗಳು ಬೀಥೋವನ್, ಶೋಪಾನ್ ಅವರನ್ನೇ ಮತ್ತೆ ಮತ್ತೆ ಮುದ್ರಿಸುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಅಮೆರಿಕದಲ್ಲಿ ಈ ಗೋಡೆಗೆ ಮೊದಲು ಬಿರುಕು ಬಿಟ್ಟಿದ್ದು 1934ರಲ್ಲಿ. ಸಂಗೀತ ರಚನಕಾರ ಹೆನ್ರಿ ಕವೆಲ್ ಹೊಸಬರ ಕೃತಿಗಳಿಗೆಂದೇ ಒಂದು ತಟ್ಟೆಮಾಲೆಯನ್ನು ಆರಂಭಿಸಿದರು. ಅದರ ಬೆನ್ನಿಗೆ ನಿಂತವರು ಚಾರ್ಲ್ಸ್ ಐವ್ಸ್. ಜೀವವಿಮೆ ವ್ಯವಹಾರದಲ್ಲಿ ದೊಡ್ಡ ಸಂಪಾದನೆ ಮಾಡಿದ್ದ ಐವ್ಸ್, ರಾತ್ರಿ ಮತ್ತು ರಜಾದಿನಗಳಲ್ಲಿ ಕುಳಿತು ತಮ್ಮ ಕಾಲಕ್ಕಿಂತ ಬಹಳ ಮುಂದಿದ್ದ ಸಂಗೀತವನ್ನು ಬರೆದಿದ್ದರು. ಅವರ ಕೃತಿಗಳನ್ನೇ ನುಡಿಸುವವರಿರಲಿಲ್ಲ. ಆದರೂ ಅವರು ಇತರರ ತಟ್ಟೆಗಳಿಗೆ ಹಣ ಕೊಟ್ಟರು. ರೂತ್ ಕ್ರಾಫರ್ಡ್ ಎಂಬ ರಚನಕಾರ್ತಿಯ ತಂತಿವಾದ್ಯ ಚತುಷ್ಟಯದ ಒಂದು ಭಾಗ ತಟ್ಟೆಯ ಮೇಲೆ ಬಂದದ್ದು ಹೀಗೆ. ಐವ್ಸ್ ಅವರಿಗೆ ಪುಲಿಟ್ಜರ್ ಬಹುಮಾನ ಬಂದದ್ದು 1947ರಲ್ಲಿ, 72ರ ವಯಸ್ಸಿನಲ್ಲಿ. ಆ ಹಣವನ್ನೂ ಅವರು ಇಟ್ಟುಕೊಳ್ಳಲಿಲ್ಲ.

ಅದೇ 1934ರಲ್ಲಿ ಎಡ್ಗಾರ್ ವಾರೆಸ್ ಅವರ 'ಅಯೊನೈಸೇಷನ್' ಮುದ್ರಣವಾಯಿತು. ಹದಿಮೂರು ವಾದಕರು ನುಡಿಸುವ ಈ ಕೃತಿಯಲ್ಲಿ ತಂತಿವಾದ್ಯವಿಲ್ಲ, ಊದುವ ವಾದ್ಯವಿಲ್ಲ. ಡೋಲು, ತಾಳ, ಗಂಟೆ, ಪಿಯಾನೊಗಳ ನಡುವೆ ಅಗ್ನಿಶಾಮಕ ದಳದ ಸೈರನ್ನುಗಳೂ ಕೂಗುತ್ತವೆ. ವೃತ್ತಿಪರ ವಾದಕರಿಗೆ ಅದರ ಲಯ ಹಿಡಿತಕ್ಕೆ ಸಿಗದಿದ್ದಾಗ ಕವೆಲ್ ಮೊದಲಾದ ರಚನಕಾರರೇ ವಾದ್ಯಗಳ ಮುಂದೆ ನಿಂತರೆಂದು ನಿರ್ದೇಶಕ ನಿಕೊಲಸ್ ಸ್ಲೊನಿಮ್‌ಸ್ಕಿ ನೆನಪಿಸಿಕೊಂಡಿದ್ದಾರೆ. ಇದೇ ಕೃತಿ 1950ರಲ್ಲಿ ಮತ್ತೊಂದು ಸಣ್ಣ ಕಂಪನಿಯಿಂದ ಲಾಂಗ್‌ಪ್ಲೇ ತಟ್ಟೆಯಾಗಿ ಬಂತು. ಕ್ಯಾಲಿಫೋರ್ನಿಯದ ಒಂದು ಅಂಗಡಿಯವರು ಅದನ್ನು ಇಟ್ಟುಕೊಂಡಿದ್ದು ತಮ್ಮ ಧ್ವನಿವರ್ಧಕಗಳ ತಾಕತ್ತು ತೋರಿಸಲು! ಹದಿಹರೆಯದ ಒಬ್ಬ ಹುಡುಗ ವರ್ಷಕ್ಕೂ ಹೆಚ್ಚು ಕಾಲ ಹುಡುಕಿ ಅದನ್ನು ಅಲ್ಲಿ ಕೊಂಡ. ಆ ಹುಡುಗನೇ ಮುಂದೆ ರಾಕ್ ಸಂಗೀತದ ಹಾದಿ ಬದಲಿಸಿದ ಫ್ರಾಂಕ್ ಜಪ್ಪಾ. 1983ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ವೇದಿಕೆಯಲ್ಲಿ ನಿಂತು 'ಅಯೊನೈಸೇಷನ್' ಕೃತಿಯನ್ನು ನಿರ್ದೇಶಿಸಿದ್ದೂ ಅವರೇ. ಕಛೇರಿ ತಲುಪದ ಊರಿಗೆ ತಟ್ಟೆ ತಲುಪಿತ್ತು.

ಇತ್ತ ಮೈಸೂರಿನ ಅರಮನೆಯಲ್ಲಿ ನಡೆದದ್ದು ಇನ್ನೊಂದು ಬಗೆ. ಕರ್ನಾಟಕ ಸಂಗೀತದಲ್ಲಿ 'ಶ್ರೀವಿದ್ಯಾ' ಅಂಕಿತದ ಕೃತಿಗಳ ವಾಗ್ಗೇಯಕಾರರೆಂದು ನಾವು ಬಲ್ಲ ಜಯಚಾಮರಾಜ ಒಡೆಯರ್, ಪಿಯಾನೊ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದವರೂ ಹೌದು. ಅವರ ಮನಸ್ಸನ್ನು ಸೆಳೆದ ರಚನಕಾರ ನಿಕೊಲಾಯ್ ಮೆಟ್ನರ್. ರಷ್ಯದಲ್ಲಿ ಹುಟ್ಟಿ, ಕ್ರಾಂತಿಯ ನಂತರ ದೇಶ ಬಿಟ್ಟು, 1935ರಲ್ಲಿ ಲಂಡನ್ನಿನಲ್ಲಿ ನೆಲೆಸಿದ ಮೆಟ್ನರ್ ಪಾಠ ಹೇಳಿ ಬದುಕುತ್ತಿದ್ದರು. ವಿಚಿತ್ರವೆಂದರೆ ಅವರು ಪ್ರಯೋಗವಾದದ ಕಡು ವಿರೋಧಿ. ಹೊಸ ಫ್ಯಾಷನ್ನುಗಳನ್ನು ಖಂಡಿಸಿ ಪುಸ್ತಕವನ್ನೇ ಬರೆದವರು. ವಾರೆಸ್ ಅವರ ಸೈರನ್ನು ಜನರಿಗೆ ತೀರಾ ಹೊಸದಾಯಿತು. ಮೆಟ್ನರ್ ಅವರ ಸೊನಾಟಾ ತೀರಾ ಹಳೆಯದಾಯಿತು. ಮಾರುಕಟ್ಟೆಯ ಕಣ್ಣಿಗೆ ಇಬ್ಬರೂ ಒಂದೇ: ಮಾರಾಟವಾಗದವರು.

ಮಹಾರಾಜರ ಹಣದಿಂದ ಲಂಡನ್ನಿನಲ್ಲಿ 'ಮೆಟ್ನರ್ ಸೊಸೈಟಿ' ಹುಟ್ಟಿತು. ಹೃದ್ರೋಗದಿಂದ ಬಳಲುತ್ತಿದ್ದ ಮೆಟ್ನರ್ 1947ರಲ್ಲಿ ಎಚ್.ಎಂ.ವಿ. ಕಂಪನಿಗಾಗಿ ಪಿಯಾನೊ ಮುಂದೆ ಕುಳಿತರು. ತಮ್ಮ ಮೂರೂ ಪಿಯಾನೊ ಕಾನ್ಚೆರ್ಟೊಗಳನ್ನು ಫಿಲ್‌ಹಾರ್ಮೋನಿಯದ ಜೊತೆ ನುಡಿಸಿದರು. ಬಿಡಿ ರಚನೆಗಳು ಮುದ್ರಣವಾದವು. ದಶಕಗಳ ಕಾಲ ತಿದ್ದುತ್ತ ಬಂದಿದ್ದ ಪಿಯಾನೊ ಪಂಚಕವೂ ಆಯಿತು. ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಅವರ ಕಂಠದಲ್ಲಿ ಹಾಡುಗಳೂ ಬಂದವು. ಮೆಟ್ನರ್ ತೀರಿಕೊಂಡದ್ದು 1951ರ ನವೆಂಬರಿನಲ್ಲಿ. ಇನ್ನು ನಾಲ್ಕೈದು ವರ್ಷ ತಡವಾಗಿದ್ದರೆ ಆ ಕೈಗಳ ನುಡಿತ ನಮಗೆ ಉಳಿಯುತ್ತಿರಲಿಲ್ಲ. ಮೂರನೆಯ ಕಾನ್ಚೆರ್ಟೊ ಇಂದಿಗೂ ಮೈಸೂರಿನ ಮಹಾರಾಜರಿಗೆ ಅರ್ಪಿತವಾಗಿಯೇ ಅಚ್ಚಾಗುತ್ತದೆ.

ಅರಸೊತ್ತಿಗೆ ಇಲ್ಲದ ನಾಡಿನಲ್ಲಿ ಇಂಥ ಕೆಲಸವನ್ನು ಒಂದು ಊರೇ ಮಾಡಿದ್ದುಂಟು. ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ಅಂಥ ಸಂಗೀತನಗರವೇನಲ್ಲ. ಅಲ್ಲಿನ ವಾದ್ಯವೃಂದ 1948ರಲ್ಲಿ ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಿತ್ತು. ಆಗ ಮೇಯರ್ ಚಾರ್ಲ್ಸ್ ಫಾರ್ನ್‌ಸ್ಲಿ ಒಂದು ಸಲಹೆ ಮುಂದಿಟ್ಟರು: ವಾದಕರ ಸಂಖ್ಯೆಯನ್ನು ಐವತ್ತಕ್ಕೆ ಇಳಿಸೋಣ, ಹೊರಗಿನ ಖ್ಯಾತ ಕಲಾವಿದರಿಗೆ ಕೊಡುವ ದುಬಾರಿ ಸಂಭಾವನೆಯನ್ನು ನಿಲ್ಲಿಸಿ, ಅದೇ ಹಣದಲ್ಲಿ ಜೀವಂತ ರಚನಕಾರರಿಂದ ಹೊಸ ಕೃತಿಗಳನ್ನು ಬರೆಸೋಣ. ನಿರ್ದೇಶಕ ರಾಬರ್ಟ್ ವಿಟ್ನಿ ಒಪ್ಪಿದರು. 1953ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ 4,00,000 ಡಾಲರ್ ನೆರವು ಕೊಟ್ಟಿತು. ವಾದ್ಯವೃಂದ ತನ್ನದೇ ತಟ್ಟೆಗಳನ್ನು ಹೊರತಂದು ಚಂದಾದಾರರಿಗೆ ಅಂಚೆಯಲ್ಲಿ ಕಳಿಸತೊಡಗಿತು. ಬ್ರೆಜಿಲ್‌ನ ವಿಲ್ಲಾ-ಲೋಬೊಸ್, ಇಟಲಿಯ ದಲ್ಲಾಪಿಕ್ಕೊಲ, ಅಮೆರಿಕದ ಎಲಿಯಟ್ ಕಾರ್ಟರ್ ಇವರೆಲ್ಲ ಲೂಯಿವಿಲ್‌ಗಾಗಿ ಬರೆದರು. ಕಾಲಕ್ರಮೇಣ ಸುಮಾರು 150 ಲಾಂಗ್‌ಪ್ಲೇ ತಟ್ಟೆಗಳು ಬಂದವು.

ಅವೆಲ್ಲ ಶ್ರೇಷ್ಠ ಕೃತಿಗಳೆನ್ನುವಂತಿಲ್ಲ. ನುಡಿತವೂ ಎಲ್ಲೆಡೆ ನಿರ್ದುಷ್ಟವಲ್ಲ. ವಾರಕ್ಕೊಂದು ಹೊಸ ಕೃತಿಯನ್ನು ಎದುರಿಸುತ್ತಿದ್ದ ಐವತ್ತು ಜನರ ಶ್ರಮ ಅಲ್ಲಲ್ಲಿ ಕೇಳಿಸುತ್ತದೆ. ಆದರೆ ಯಾವುದು ಕಾಳು, ಯಾವುದು ಜೊಳ್ಳು ಎಂದು ತೂರಿ ನೋಡಬೇಕಾದರೂ ಮೊದಲು ರಾಶಿ ಕಣದಲ್ಲಿರಬೇಕಲ್ಲ!

ಇಷ್ಟರಲ್ಲಿ ತಟ್ಟೆಯ ಪಾತ್ರವೇ ಬದಲಾಗತೊಡಗಿತ್ತು. 1948ರ ಅಕ್ಟೋಬರಿನಲ್ಲಿ ಪ್ಯಾರಿಸ್ ರೇಡಿಯೊದಿಂದ ಪಿಯೆರ್ ಷೆಫೆರ್ ಎಂಬ ಎಂಜಿನಿಯರ್ ಐದು ಪುಟ್ಟ ರಚನೆಗಳನ್ನು ಬಿತ್ತರಿಸಿದರು. ಒಂದರಲ್ಲಿ ರೈಲಿನ ಸದ್ದು, ಇನ್ನೊಂದರಲ್ಲಿ ಪಾತ್ರೆಗಳ ಸದ್ದು. ತಟ್ಟೆಯ ಮೇಲೆ ಹಿಡಿದ ಇಂಥ ಸದ್ದುಗಳನ್ನು ಜೋಡಿಸಿ ಅವರು ಸಂಗೀತ ಕಟ್ಟಿದ್ದರು. ಇದಕ್ಕೆ ಸ್ವರಲಿಪಿಯಿಲ್ಲ, ವಾದಕರಿಲ್ಲ, ಮುದ್ರಿಕೆಯೇ ಕೃತಿ. 1967ರಲ್ಲಿ ನಾನ್‌ಸಚ್ ಎಂಬ ಕಂಪನಿ ಒಂದು ಹೆಜ್ಜೆ ಮುಂದೆ ಹೋಗಿ, ಮಾರ್ಟನ್ ಸಬಾಟ್ನಿಕ್ ಅವರಿಂದ ಲಾಂಗ್‌ಪ್ಲೇ ತಟ್ಟೆಗೆಂದೇ ಇಲೆಕ್ಟ್ರಾನಿಕ್ ಕೃತಿಯೊಂದನ್ನು ಬರೆಸಿತು. ತಟ್ಟೆಗೆ ಎರಡು ಮಗ್ಗುಲು, ಹಾಗೆಯೇ ಕೃತಿಗೂ ಎರಡು ಭಾಗ. ಇಂಥ ಸಂಗೀತದಲ್ಲಿ ಮುದ್ರಿಕೆ ಹಾಳಾದರೆ ಪ್ರತಿಯಷ್ಟೇ ಅಲ್ಲ, ಮೂಲವೂ ಹೋದಂತೆ.

ಹಾಗಾಗಿ ಮುದ್ರಿಸಿದರೆ ಸಾಲದು, ಕಾಯಬೇಕು. ವ್ಯಾಪಾರಿ ಕಂಪನಿಗಳು ಮಾರಾಟ ಇಳಿದ ಕೂಡಲೇ ತಟ್ಟೆಯನ್ನು ಪಟ್ಟಿಯಿಂದ ಕಿತ್ತುಹಾಕುವುದು ರೂಢಿ. 1954ರಲ್ಲಿ ಓಟೊ ಲ್ಯೂನಿಂಗ್, ಡಗ್ಲಸ್ ಮೂರ್ ಮತ್ತು ಆಲಿವರ್ ಡೇನಿಯಲ್ ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ 'ಕಂಪೋಸರ್ಸ್ ರೆಕಾರ್ಡಿಂಗ್ಸ್' ಸಂಸ್ಥೆ ಇದಕ್ಕೆ ವಿರುದ್ಧವಾದ ನಿಯಮವನ್ನು ಇಟ್ಟುಕೊಂಡಿತು: ಒಮ್ಮೆ ಪಟ್ಟಿಗೆ ಸೇರಿದ ಕೃತಿಯನ್ನು ಎಂದೂ ತೆಗೆಯಬಾರದು, ವರ್ಷಕ್ಕೆ ನಾಲ್ಕೇ ಮಂದಿ ಕೊಂಡರೂ ಸರಿ. ಸುಮಾರು ಅರ್ಧ ಶತಮಾನ ಹೀಗೆ ನಡೆದ ಸಂಸ್ಥೆ 2003ರಲ್ಲಿ ಬಾಗಿಲು ಮುಚ್ಚಿತು. ಆದರೆ ನಿಯಮ ಮುರಿಯಲಿಲ್ಲ. ಅದರ ಭಂಡಾರವನ್ನು ಲಾಭದಾಸೆಯಿಲ್ಲದ 'ನ್ಯೂ ವರ್ಲ್ಡ್ ರೆಕಾರ್ಡ್ಸ್' ವಹಿಸಿಕೊಂಡು ಕೇಳುಗರಿಗೆ ಒದಗಿಸುತ್ತ ಬಂದಿದೆ.

ಇನ್ನು ಮೈಸೂರಿಗಾಗಿ ಕೊರೆದ ಸ್ಟ್ರಾಸ್ ತಟ್ಟೆಗಳ ಕಥೆ. ಅಸಿಟೇಟ್ ತಟ್ಟೆಯ ಲೇಪ ಮೆದುವಾದದ್ದು. ಮುಳ್ಳು ಹಾದಷ್ಟೂ ಸವೆಯುತ್ತದೆ. ಅವುಗಳಿಂದ ಮೊದಲ ಲಾಂಗ್‌ಪ್ಲೇ ಪ್ರತಿ ತೆಗೆಯುವ ಹೊತ್ತಿಗೆ ತಟ್ಟೆಗಳು ಜೀರ್ಣವಾಗಿದ್ದವು. ಕೇಳಿಸುತ್ತಿದ್ದುದು ಹಾಡಿಗಿಂತ ಹೆಚ್ಚಾಗಿ ಕರಕರ ಸದ್ದು. 2007ರಲ್ಲಿ ಮತ್ತು 2014ರಲ್ಲಿ ತಂತ್ರಜ್ಞರು ಡಿಜಿಟಲ್ ವಿಧಾನದಿಂದ ಅದನ್ನು ಸೋಸಿ ಶುದ್ಧಗೊಳಿಸಿದರು. ಮೆಟ್ನರ್ ಅವರ ಮುದ್ರಿಕೆಗಳೂ ಸಿ.ಡಿ. ರೂಪದಲ್ಲಿ ಮರುಹುಟ್ಟು ಪಡೆದವು. ಪಿಯಾನೊ ವಾದಕರ ಹೊಸ ತಲೆಮಾರು ಅವರ ಸೊನಾಟಾಗಳನ್ನು ಕಛೇರಿಗಳಲ್ಲಿ ನುಡಿಸತೊಡಗಿದೆ.

ಸಂಗ್ರಹಕ್ಕೆಂದು ತಟ್ಟೆ ತರಿಸಿಕೊಂಡ ಅರಸರು 1974ರಲ್ಲಿ ತೀರಿಕೊಂಡರು. ಆದರೆ ಆ ಮೇ ತಿಂಗಳ ಸಂಜೆ ಫ್ಲಾಗ್‌ಸ್ಟಾಡ್ ಹಾಡಿದ್ದನ್ನು, ಆಲ್ಬರ್ಟ್ ಹಾಲ್‌ಗೆ ಅಂದು ಅವರೂ ಹೋಗಲಾಗದಿದ್ದರೂ, ಇಂದು ಯಾರು ಬೇಕಾದರೂ ಕೇಳಬಹುದು.