ಹುಚ್ಚಾಸ್ಪತ್ರೆಯ ಗೋಡೆಯಿಂದ ಊರಿನ ಕಟ್ಟೆಯವರೆಗೆ

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಅಕ್ಕಪಕ್ಕದವರಿಗೆಲ್ಲ ಹೇಳುತ್ತೇವೆ. ಮನಸ್ಸಿನ ಕಾಯಿಲೆ ಬಂದರೆ ಬಾಗಿಲು ಹಾಕಿಕೊಳ್ಳುತ್ತೇವೆ. ಆ ಬಾಗಿಲು ತೆರೆಸಲು ನಮ್ಮ ರಾಜ್ಯದಲ್ಲೇ ಐವತ್ತು ವರ್ಷಗಳ ಹಿಂದೆ ಒಂದು ದೊಡ್ಡ ಪ್ರಯತ್ನ ಶುರುವಾಯಿತು. ಅದು ಹೇಗೆ ನಡೆಯಿತು, ಎಲ್ಲಿ ಅರ್ಧಕ್ಕೆ ನಿಂತಿದೆ ಎನ್ನುವುದು ಹಳ್ಳಿಯವರಾದ ನಮಗೆ ಗೊತ್ತಿರಬೇಕು.

ಮೊದಲು ಇದ್ದದ್ದು ಗೋಡೆ. 1847ರ ಹೊತ್ತಿಗೆ ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆ ಶುರುವಾಯಿತು. 1925ರಲ್ಲಿ ಅದರ ಹೆಸರು ಮಾನಸಿಕ ಆಸ್ಪತ್ರೆ ಎಂದಾಯಿತು. 1930ರ ದಶಕದಲ್ಲಿ ಹೊಸೂರು ರಸ್ತೆಯ ಈಗಿನ ಜಾಗಕ್ಕೆ ಬಂತು. 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು. ಹೆಸರು ಬದಲಾದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿಯಿತು. ಅಲ್ಲಿಗೆ ಹೋಗುವುದೆಂದರೆ ಊರಿನ ಲೆಕ್ಕದಿಂದಲೇ ಹೊರಗೆ ಹೋದ ಹಾಗೆ ಎಂಬ ಭಯವಿತ್ತು.

ಇದನ್ನು ಮೊದಲು ಸಡಿಲಿಸಿದವರಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಒಬ್ಬರು. 1950ರ ದಶಕದಲ್ಲಿ ಅವರು ಆಸ್ಪತ್ರೆಯ ಆವರಣದಲ್ಲೇ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರೂ ಉಳಿಯುವಂತೆ ಮಾಡಿದರು. ನಮ್ಮವರು ಜೊತೆಗಿದ್ದರೆ ರೋಗಿ ಬೇಗ ಚೇತರಿಸಿಕೊಳ್ಳುತ್ತಾನೆ, ಮನೆಯವರ ಭಯವೂ ಇಳಿಯುತ್ತದೆ ಎಂಬುದು ಅಲ್ಲಿ ಕಂಡಿತು.

ಮುಂದಿನ ಹೆಜ್ಜೆ ನಮ್ಮಲ್ಲೇ ಬಿತ್ತು. 1975ರಲ್ಲಿ ನಿಮ್ಹಾನ್ಸ್ ಸಮುದಾಯ ಮಾನಸಿಕ ಆರೋಗ್ಯ ಘಟಕ ತೆರೆಯಿತು. ಬನ್ನೇರುಘಟ್ಟ ರಸ್ತೆಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ಬಂತು. ಹಳ್ಳಿಹಳ್ಳಿಗೂ ಮನೋವೈದ್ಯರನ್ನು ಕಳಿಸುವಷ್ಟು ಮನೋವೈದ್ಯರು ದೇಶದಲ್ಲೇ ಇರಲಿಲ್ಲ. ಹಾಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಗೆ ತರಬೇತಿ ಕೊಟ್ಟರೆ ಸಾಲದೇ ಎಂದು ಯೋಚಿಸಿದರು. ಆ ತರಬೇತಿ ಹೇಗಿರಬೇಕು ಎಂಬುದು ರೂಪುಗೊಂಡದ್ದು ಸಕಲವಾರದಲ್ಲಿ.

ಆ ಘಟಕದ ಮುಂದಾಳು ಡಾ. ಆರ್. ಎಲ್. ಕಪೂರ್. ಅವರು ಸ್ಕಾಟ್ಲೆಂಡಿನ ಮನೋವೈದ್ಯ ಜಿ. ಎಂ. ಕಾರ್ಸ್ಟೇರ್ಸ್ ಜೊತೆ ಸೇರಿ ಕರಾವಳಿಯ ಕೋಟದ ಬಗ್ಗೆ ಬರೆದ ಪುಸ್ತಕ 1976ರಲ್ಲಿ ಬಂತು. ಕೋಟ ಎಂದರೆ ಶಿವರಾಮ ಕಾರಂತರು ಹುಟ್ಟಿದ ಊರು. ಬ್ರಾಹ್ಮಣರು, ಬಂಟರು, ಮೊಗೇರರ ಮನೆಗಳಿಗೆ ಹೋಗಿ ಜನರ ಮನಸ್ಸಿನ ಕಷ್ಟ ಕೇಳಿದ ಅಧ್ಯಯನ ಅದು. ಜನ ಡಾಕ್ಟರ ಹತ್ತಿರವೂ ಹೋಗುತ್ತಿದ್ದರು, ನಾಟಿ ವೈದ್ಯರು, ಮಂತ್ರವಾದಿ, ಪಾತ್ರಿಗಳ ಹತ್ತಿರವೂ ಹೋಗುತ್ತಿದ್ದರು. ಹಳ್ಳಿಯಲ್ಲಿ ಯೋಚನೆ ಇಲ್ಲ, ಕೊರಗು ಇಲ್ಲ, ಅದೆಲ್ಲ ಪಟ್ಟಣದ ರೋಗ ಎನ್ನುವ ಮಾತು ಸುಳ್ಳೆಂದು ಅಂದೇ ಗೊತ್ತಾಗಿತ್ತು.

1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ನೋಡಲು 1985ರಲ್ಲಿ ಆರಿಸಿಕೊಂಡದ್ದು ಬಳ್ಳಾರಿಯನ್ನು. ಇಂದಿನ ವಿಜಯನಗರ ಜಿಲ್ಲೆಯೂ ಆಗ ಬಳ್ಳಾರಿಯೊಳಗೇ ಇತ್ತು. 1981ರ ಜನಗಣತಿಯಂತೆ ಅಲ್ಲಿ ಸುಮಾರು 15 ಲಕ್ಷ ಜನ. ಅಲ್ಲಿನ ಡಾಕ್ಟರು, ಕಾರ್ಯಕರ್ತೆಯರಿಗೆ ತರಬೇತಿ ಸಿಕ್ಕಿತು. ಮೂರ್ಛೆರೋಗಕ್ಕೆ, ಮನೋರೋಗಕ್ಕೆ ಬೇಕಾದ ಕೆಲವೇ ಬಗೆಯ ಮಾತ್ರೆಗಳು ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಸಿಗತೊಡಗಿದವು. ಕೂಲಿ ಬಿಟ್ಟು, ಬಸ್ ಚಾರ್ಜು ಹೊಂದಿಸಿ ಬೆಂಗಳೂರಿಗೆ ಹೋಗಬೇಕಿದ್ದ ಬಡವರಿಗೆ ಇದು ಎಷ್ಟು ದೊಡ್ಡ ಮಾತು ಎಂದು ಬಿಡಿಸಿ ಹೇಳಬೇಕಿಲ್ಲ. 1996ರಲ್ಲಿ ಕೇಂದ್ರ ಸರ್ಕಾರ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಾಗ ಮಾದರಿಯಾದದ್ದು ಬಳ್ಳಾರಿಯೇ.

ಹೀಗೆ ಮಾತ್ರೆ ಊರಿನ ಹತ್ತಿರ ಬಂತು. ಆದರೆ ಒಂಟಿತನಕ್ಕೆ ಮಾತ್ರೆಯಿಲ್ಲ. ಮಕ್ಕಳು ಬೆಂಗಳೂರಿಗೆ ಹೋಗಿ, ಇಬ್ಬರೇ ಉಳಿದು, ಆಮೇಲೆ ಒಬ್ಬರೇ ಉಳಿದ ಮನೆಗಳು ಇಂದು ಪ್ರತಿ ಊರಲ್ಲೂ ಇವೆ. ಅಂಥವರಿಗೆ ಹಿಂದೆ ಕಟ್ಟೆ ಇತ್ತು, ಜಗಲಿ ಇತ್ತು, ಭಜನೆ ಮನೆ ಇತ್ತು ಎಂದು ಹಿರಿಯರು ಹೇಳುತ್ತಾರೆ.

ಇತ್ತು, ನಿಜ. ಆದರೆ ಯಾರಿಗೆ ಇತ್ತು? ಅರಳಿಕಟ್ಟೆಯ ಮೇಲೆ ಕೂತವರು ಗಂಡಸರು. ಎಷ್ಟೋ ಊರುಗಳಲ್ಲಿ ದಲಿತರು ಆ ಕಟ್ಟೆ ಹತ್ತುವಂತಿರಲಿಲ್ಲ. ಹೆಂಗಸರಿಗೆ ಇದ್ದದ್ದು ಬಾವಿಕಟ್ಟೆ, ಕೆರೆ ದಂಡೆ, ನಾಟಿ ಗದ್ದೆ. ಅಲ್ಲೂ ಜಾತಿಯ ಗೆರೆ ಇತ್ತು. ಕೊಡ ತುಂಬುವಷ್ಟು ಹೊತ್ತು ಮಾತ್ರ ಅವರ ಸುಖದುಃಖದ ಮಾತು. ಮನೆಗೇ ನಲ್ಲಿ ಬಂದದ್ದು ಒಳ್ಳೆಯದೇ, ಸೊಂಟದ ನೋವು ತಪ್ಪಿತು. ಜೊತೆಗೆ ಆ ಮಾತೂ ತಪ್ಪಿತು. ಆದ್ದರಿಂದ ಹಳೆಯ ಕಟ್ಟೆಯನ್ನು ಹಾಗೇ ವಾಪಸು ತಂದರೆ ಸಾಲದು. ಎಲ್ಲರೂ ಕೂರಬಹುದಾದ ಕಟ್ಟೆ ಬೇಕು.

ಇದು ಆಗುವ ಮಾತೇ ಎನ್ನುವವರಿಗೆ ಆಫ್ರಿಕಾದ ಜಿಂಬಾಬ್ವೆಯ ಉದಾಹರಣೆ ಇದೆ. 2006ರಲ್ಲಿ ಹರಾರೆಯ ಎಂಬಾರೆ ಎಂಬ ಬಡವರ ಬಡಾವಣೆಯಲ್ಲಿ ಡಾ. ಡಿಕ್ಸನ್ ಚಿಬಾಂಡಾ ಕೆಲಸ ಶುರುಮಾಡಿದಾಗ ಆಸ್ಪತ್ರೆಯೊಳಗೆ ಕೋಣೆ ಸಿಗಲಿಲ್ಲ. ಹೊರಗೆ ಬೆಂಚು ಹಾಕಿದರು. ಅದರ ಮೇಲೆ ಕೂತು ಜನರ ಕಷ್ಟ ಕೇಳಲು ತರಬೇತಿ ಪಡೆದವರು 14 ಮಂದಿ ಅಜ್ಜಿಯರು. ಅಲ್ಲಿನ ಶೋನಾ ಭಾಷೆಯಲ್ಲಿ ಖಿನ್ನತೆಯನ್ನು 'ಕುಫುಂಗಿಸಿಸಾ' ಅನ್ನುತ್ತಾರೆ. ಅಂದರೆ ಅತಿಯಾಗಿ ಯೋಚಿಸುವುದು. ನಮ್ಮವರು 'ಯೋಚನೆ ಹತ್ತಿಬಿಟ್ಟಿದೆ' ಅನ್ನುವುದಿಲ್ಲವೇ, ಹಾಗೆ. ಬೆಂಚಿನ ಮೇಲೆ ಮಾತಾಡಿದವರು ಆಮೇಲೆ ಒಂದು ಗುಂಪು ಸೇರಿ, ಕೂತು ಚೀಲ ಹೆಣೆಯುತ್ತಾರೆ. 2016ರಲ್ಲಿ ಪ್ರಕಟವಾದ 573 ಜನರ ಅಧ್ಯಯನದಲ್ಲಿ, ಬೆಂಚಿಗೆ ಬಂದವರ ಕೊರಗು ಆರು ತಿಂಗಳಲ್ಲಿ ಉಳಿದವರಿಗಿಂತ ಬಹಳ ಇಳಿದಿತ್ತು.

ನಮ್ಮಲ್ಲೂ ಬೇಕಾದದ್ದೆಲ್ಲ ಬಿಡಿಬಿಡಿಯಾಗಿ ಇದೆ. 2000ದಿಂದ ಸ್ತ್ರೀಶಕ್ತಿ ಸಂಘಗಳಿವೆ. ರಾಜ್ಯದಲ್ಲಿ 5,000ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಅವು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅವಕ್ಕೆ ಅರಿವು ಕೇಂದ್ರ ಎಂದು ಹೆಸರು. ಅಲ್ಲಿ ಕೂರಲು ಜಾತಿ ಕೇಳುವಂತಿಲ್ಲ, ಹೆಂಗಸರೆಂದು ತಡೆಯುವಂತಿಲ್ಲ. ಆಶಾ ಕಾರ್ಯಕರ್ತೆಗೆ ಪ್ರತಿ ಮನೆಯ ಕಥೆ ಗೊತ್ತು. ಇವೆಲ್ಲ ಒಂದು ಕಡೆ ಸೇರಬೇಕು, ಅಷ್ಟೇ. ಮುಂದಿನ ಗ್ರಾಮಸಭೆಯಲ್ಲಿ ಒಬ್ಬರು ಎದ್ದು ಕೇಳಿದರೂ ಸಾಕು: ವಾರಕ್ಕೊಂದು ಸಂಜೆ ಅರಿವು ಕೇಂದ್ರದಲ್ಲಿ ಹಿರಿಯರು ಸೇರುವುದಕ್ಕೆ ಜಾಗ, ನಾಲ್ಕು ಬೆಂಚು, ಟೀ ಕೊಡಿ ಎಂದು.

ಒಂದು ಎಚ್ಚರಿಕೆ. ಹರಟೆಯಿಂದ ಎಲ್ಲವೂ ವಾಸಿಯಾಗುವುದಿಲ್ಲ. ಎರಡು ವಾರದಿಂದ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕು ಬೇಡ ಎನ್ನುವ ಮಾತು ಬರುತ್ತಿದೆ ಎಂದರೆ ಡಾಕ್ಟರೇ ಬೇಕು. ಜಿಲ್ಲಾ ಮಾನಸಿಕ ಆರೋಗ್ಯ ತಂಡ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತದೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. 2022ರಿಂದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ನಂಬರು 14416. ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಪಕ್ಕದ ಮನೆಯ ಅಜ್ಜಿಯ ಫೋನಿಗೂ ಹಾಕಿಕೊಡಿ. ಹಾಕಿಕೊಡುವ ನೆಪದಲ್ಲಿ ಹತ್ತು ನಿಮಿಷ ಜಗಲಿಯ ಮೇಲೆ ಕೂತು ಬನ್ನಿ.